ನಡುವೆ ನಿಂತವಳು

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಟಾರ್ಚಿನಿಂದ ತೆಗೆದ ಸೆಲ್ಲೊಂದನ್ನು ತಂತಿಯ ತುದಿಗಳಿಗೆ ಮುಟ್ಟಿಸಿದಾಗ, ಬಲಗಡೆಯ ಸ್ಪೀಕರಿನ ಕಾಗದದ ಕೋನು ಟಪ್ಪೆಂದು ಹೊರಕ್ಕೆ ಬಂತು. ಎಡಗಡೆಯದು ಟಪ್ಪೆಂದು ಒಳಕ್ಕೆ ಹೋಯಿತು. ಸೆಲ್ಲನ್ನು ತಾನೇ ತಲೆಕೆಳಗಾಗಿ ಹಿಡಿದಿರಬಹುದೆಂದು ಅವನು ತಿರುಗಿಸಿ ನೋಡಿದ. ಹಿಡಿದದ್ದು ಸರಿಯಾಗಿಯೇ ಇತ್ತು. ಮತ್ತೆ ಮುಟ್ಟಿಸಿದ. ಬಲಗಡೆಯದು ಹೊರಕ್ಕೆ, ಎಡಗಡೆಯದು ಒಳಕ್ಕೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದವನ ಮುಖ ಬಿಸಿಯಾಯಿತು. ಇಷ್ಟಕ್ಕೂ ಈ ಪರೀಕ್ಷೆ ಮಾಡೆಂದು ಅವನನ್ನು ಯಾರೂ ಕೇಳಿರಲಿಲ್ಲ. ಸಂಜೆ ನಾಲ್ಕಕ್ಕೆ ಮೇಷ್ಟ್ರು ಬರುವವರಿದ್ದರು, ಜೊತೆಗೆ ಹಲ್ಲಿನ ಡಾಕ್ಟರನ್ನೂ ಕರೆತರುವವರಿದ್ದರು. ಅದಕ್ಕೆ ಮೊದಲು ಎಲ್ಲವನ್ನೂ ಒಂದು ಸಲ ನೋಡಿಬಿಡೋಣ ಎಂದು, ಬಾಗಿಲಿಗೆ ಬೀಗ ಹಾಕಿದ ಮೇಲೂ ನಾಲ್ಕು ಸಲ ಎಳೆದು ನೋಡುವ ತನ್ನ ಸ್ವಭಾವಕ್ಕೆ ತಕ್ಕಂತೆ, ಕುಳಿತಿದ್ದ. ಆರು ವಾರದ ಹಿಂದೆಯೇ ಈ ಸೆಲ್ಲನ್ನು ಮುಟ್ಟಿಸಿದ್ದರೆ ಐದು ನಿಮಿಷದಲ್ಲಿ ಸರಿಹೋಗುತ್ತಿತ್ತು. ಈಗ ಸರಿಮಾಡಬೇಕಾದದ್ದು ಆರು ವಾರಗಳನ್ನು.

ಆರು ವಾರಗಳಿಂದ ಒಂದು ಪೆಟ್ಟಿಗೆ ಉಸಿರು ಬಿಡುವಾಗ ಇನ್ನೊಂದು ಉಸಿರು ಎಳೆದುಕೊಳ್ಳುತ್ತಿತ್ತು. ಇದು ಮೇಷ್ಟ್ರು ಹಿಂದೆ ನಡೆಸುತ್ತಿದ್ದ ರೇಡಿಯೋ ರಿಪೇರಿಯ ಸಂಜೆ ತರಗತಿಯಲ್ಲಿ ಎರಡನೆಯ ವಾರದ ಪಾಠ. ಕೆಲಸ ಮುಗಿಸಿ, ಹಸಿದುಕೊಂಡು, ಅರ್ಧ ನಿದ್ದೆಯಲ್ಲಿ ಬೆಂಚಿನ ಮೇಲೆ ಕೂರುತ್ತಿದ್ದವರನ್ನು ಎಬ್ಬಿಸಲು ಮೇಷ್ಟ್ರು ಕೇಳುತ್ತಿದ್ದರು: "ಇಬ್ಬರು ಸೇರಿ ಮಂಚ ಸಾಗಿಸ್ತಿದ್ದೀರಿ. ಒಬ್ಬ ಎತ್ತುವಾಗ ಇನ್ನೊಬ್ಬ ಇಳಿಸಿದ್ರೆ ಏನಾಗುತ್ತೆ?" ಹಿಂದಿನ ಸಾಲಿನಿಂದ ಒಬ್ಬ, "ಮಂಚದ ಮೇಲಿರೋನು ಬೀಳ್ತಾನೆ ಸಾರ್" ಎಂದಿದ್ದ. ಮೇಷ್ಟ್ರು ನಗದೆ, "ಹಾಗೆ ಬೀಳೋನೇ ಹಾಡುಗಾರ ಕಣಯ್ಯಾ. ಎರಡು ಸ್ಪೀಕರಿನ ನಡುವೆ ನಿಂತಿರಬೇಕಾದೋನು ಎಲ್ಲೂ ಇಲ್ಲದ ಹಾಗಾಗ್ತಾನೆ" ಎಂದಿದ್ದರು. ಅವನು ಅದನ್ನು ಗೆರೆ ಎಳೆದು ಬರೆದುಕೊಂಡಿದ್ದ. ಆ ಪುಸ್ತಕ ಈಗಲೂ ಬೀರುವಿನಲ್ಲಿದೆ. ಅಂಥವನು ಆರು ವಾರ ಪ್ರತಿ ಸಂಜೆ ಈ ಕುರ್ಚಿಯಲ್ಲಿ ಕುಳಿತು, ಹಾಡುಗಾರರೆಲ್ಲ ಒಬ್ಬೊಬ್ಬರಾಗಿ ಮಂಚದಿಂದ ಬೀಳುವುದನ್ನು ಕಣ್ಣು ಮುಚ್ಚಿ ಆನಂದಿಸಿದ್ದ. ಒಂದು ದಿನವಂತೂ ಕಣ್ಣಲ್ಲಿ ನೀರೂ ಬಂದಿತ್ತು. ಆ ನೀರನ್ನು ಈಗ ಯಾವ ಲೆಕ್ಕಕ್ಕೆ ಸೇರಿಸುವುದೋ ತಿಳಿಯಲಿಲ್ಲ.

ಅವನ ಉದ್ಯೋಗ ಬೇರೆ ಏನಾದರೂ ಆಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಅವನು ಜನರ ಕಿವಿ ಪರೀಕ್ಷೆ ಮಾಡುತ್ತಿದ್ದ. ಗೋಡೆಗೆ ಮೆತ್ತೆ ಹೊಡೆದ ಸಣ್ಣ ಕೋಣೆಯೊಳಗೆ ಅವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಗಾಜಿನ ಈಚೆಯಿಂದ ಒಂದೊಂದೇ ಸದ್ದು ಕಳಿಸುವುದು. ಕೇಳಿಸಿದರೆ ಅವರು ಗುಂಡಿ ಒತ್ತುತ್ತಾರೆ, ಇವನ ಮುಂದೆ ಹಸಿರು ದೀಪ ಹತ್ತುತ್ತದೆ. ಮೊದಲ ವರ್ಷವೇ ಅವನು ಕಲಿತದ್ದೇನೆಂದರೆ, ಕೇಳಿಸದಿದ್ದರೂ ಒತ್ತುವವರು ಬಹಳ. ಸುಳ್ಳು ಹೇಳಬೇಕೆಂದಲ್ಲ. ಇಷ್ಟು ಹೊತ್ತಾಯಿತು, ಈಗ ಏನೋ ಬಂದಿರಲೇಬೇಕು, ಹೊರಗೆ ಕೂತವನು ತನ್ನನ್ನು ಕಿವುಡನೆಂದುಕೊಳ್ಳುತ್ತಾನೆ ಎಂಬ ಸಂಕೋಚಕ್ಕೆ ಬೆರಳು ತಾನಾಗಿ ಒತ್ತುತ್ತದೆ. ಅಂಥವರಿಗಾಗಿ ಅವನು ನಡುನಡುವೆ ಏನನ್ನೂ ಕಳಿಸದೆ ಸುಮ್ಮನಿರುತ್ತಿದ್ದ. ಆ ಮೌನಕ್ಕೂ ದೀಪ ಹತ್ತಿದರೆ ಹಾಳೆಯ ಮೂಲೆಯಲ್ಲಿ ಒಂದು ಚಿಕ್ಕ ಅಡ್ಡಗೆರೆ ಎಳೆಯುತ್ತಿದ್ದ. ಬಡಪಾಯಿಗಳು ಎಂದುಕೊಳ್ಳುತ್ತಿದ್ದ. ಇವತ್ತು ಆ ಅಡ್ಡಗೆರೆಯನ್ನು ಯಾರ ಹಾಳೆಯ ಮೇಲೆ ಎಳೆಯಬೇಕು?

ತಪ್ಪು ಎಲ್ಲಿ ಆಯಿತೆಂದು ಹುಡುಕಲು ಪೆಟ್ಟಿಗೆಯ ಹಿಂದೆ ಬಗ್ಗಿದ. ಹುಡುಕಬೇಕಾಗಿರಲಿಲ್ಲ, ತಪ್ಪು ಅವನದೇ ಅಕ್ಷರದಲ್ಲಿ ಅಲ್ಲಿ ಅಂಟಿಕೊಂಡಿತ್ತು. ತಂತಿ ಸಿಕ್ಕಿಸುವ ಕೆಂಪು ಕಪ್ಪು ಪ್ಲಾಸ್ಟಿಕ್ಕಿನ ಮೂತಿಗಳು ಅಗ್ಗವಾಗಿ ಕಾಣುತ್ತವೆಂದು ಅವನು ಎರಡೂ ಪೆಟ್ಟಿಗೆಗಳಿಗೆ ಬಣ್ಣವಿಲ್ಲದ ಹಿತ್ತಾಳೆಯ ಮೂತಿಗಳನ್ನು ಕೂರಿಸಿದ್ದ. ಜೋಡಿ ಎಂದರೆ ಜೋಡಿಯ ಹಾಗೆ ಕಾಣಲಿ ಎಂದು, ಎಡಗಡೆಯದನ್ನು ಬಲಗಡೆಯದರ ಕನ್ನಡಿಯ ಬಿಂಬದಂತೆ, ಅದಲುಬದಲು ಮಾಡಿ ಕೂರಿಸಿದ್ದ. ಆಮೇಲೆ, ಒಂದು ವಾರ ಬಿಟ್ಟು, ಕೆಂಪು ತಂತಿ ಎಡಕ್ಕೆ, ಕಪ್ಪು ತಂತಿ ಬಲಕ್ಕೆ ಎಂದು ನಕ್ಷೆ ಬರೆದು, ಅದೇ ನಕ್ಷೆಯ ಎರಡು ಪ್ರತಿ ಮಾಡಿ ಎರಡೂ ಪೆಟ್ಟಿಗೆಗಳ ಬೆನ್ನಿಗೆ ಅಂಟಿಸಿದ್ದ. ಕನ್ನಡಿಯ ಸಂಗತಿ ಆ ಹೊತ್ತಿಗೆ ಮರೆತಿತ್ತು. ಕೆಳಗೆ ಕಚೇರಿಯ ಭಾಷೆಯಲ್ಲಿ, "ಕದಲಿದಲ್ಲಿ ಹೀಗೆಯೇ ಜೋಡಿಸತಕ್ಕದ್ದು" ಎಂದು ಬರೆದು, ಸಹಿ ಹಾಕಿ, ತಾರೀಖು ಬೇರೆ ನಮೂದಿಸಿದ್ದ. ಹೋದ ಸಲ ಬಂದಾಗ ಹಲ್ಲಿನ ಡಾಕ್ಟರು ಈ ಚೀಟಿಯನ್ನು ಕಂಡು, "ಎಂಥಾ ಶಿಸ್ತು ನೋಡಿ ಇವರದು" ಎಂದು ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡಿದ್ದರು.

ಅದೇ ದೊಡ್ಡ ಕಷ್ಟ. ತಪ್ಪು ಈ ಮನೆಯೊಳಗೆ ಉಳಿದಿರಲಿಲ್ಲ. ಡಾಕ್ಟರ ಮನೆಯಲ್ಲಿ ಆಳೆತ್ತರದ ಸ್ಪೀಕರುಗಳಿದ್ದವು, ಅವನ್ನು ಅಲುಗಿಸಲು ಇನ್ನೂರು ವ್ಯಾಟಿನ ಆಂಪ್ಲಿಫೈಯರ್ ಯಂತ್ರವಿತ್ತು. ಮೇಷ್ಟ್ರು ಅದನ್ನು ಕೇಳಿ, "ಡಾಕ್ಟ್ರೇ, ಇದು ಆನೆ ಕೈಲಿ ಕಸ ಗುಡಿಸಿದ ಹಾಗಿದೆ" ಎಂದು ಹೇಳಿ ಇಲ್ಲಿಗೆ ಕರೆತಂದಿದ್ದರು. ಇವನದು ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವಿನ ಯಂತ್ರ, ಒಂದೊಂದು ಪಕ್ಕಕ್ಕೆ ಒಂದೇ ದೊಡ್ಡ ವಾಲ್ವು, ಎಲ್ಲ ಸೇರಿ ಎರಡು ವ್ಯಾಟ್. ಮಾರುಕಟ್ಟೆಯ ಸ್ಪೀಕರಿಗೆ ಅದನ್ನು ಜೋಡಿಸಿದರೆ ದಪ್ಪ ಕಂಬಳಿಯ ಕೆಳಗಿನಿಂದ ಯಾರೋ ಕರೆದ ಹಾಗೆ ಕೇಳುತ್ತದೆ. ಅದಕ್ಕೆಂದೇ ಎರಡು ವರ್ಷ ಹುಡುಕಿ ಹಗುರ ಕಾಗದದ ಒಂದೇ ಕೋನಿನ ಸ್ಪೀಕರುಗಳನ್ನು ತಂದಿದ್ದ. ಎತ್ತರದ ಸ್ವರಕ್ಕೊಂದು ತಗ್ಗಿನ ಸ್ವರಕ್ಕೊಂದು ಎಂಬ ಪಾಲುಪಟ್ಟಿ ಅವುಗಳಲ್ಲಿಲ್ಲ. ಎಲ್ಲ ದನಿಯೂ ಆ ಒಂದೇ ಕಾಗದದಿಂದ ಬರಬೇಕು, ಒಂದು ವ್ಯಾಟಿನ ಉಸಿರಿಗೇ ತೊಂಬತ್ತೇಳು ಡೆಸಿಬೆಲ್ ಕೂಗುತ್ತವೆ. "ಬಲವಾದ ಯಂತ್ರ ಹುಡುಕೋದಲ್ಲ ಕಣಯ್ಯಾ, ಪಿಸುಮಾತಿಗೆ ಓಗೊಡೋ ಸ್ಪೀಕರ್ ಹುಡುಕು" ಎಂದು ಮೇಷ್ಟ್ರು ಮೂವತ್ತು ವರ್ಷದ ಹಿಂದೆ ಹೇಳಿದ್ದನ್ನು ಅವನು ಬದುಕಿನಲ್ಲಿ ಅಕ್ಷರಶಃ ಪಾಲಿಸಿದ ಒಂದೇ ಒಂದು ಉಪದೇಶವೆನ್ನಬಹುದು. ಸ್ಪೀಕರಿನ ತಂತಿಯನ್ನು ಟ್ರಾನ್ಸ್‌ಫಾರ್ಮರಿನ ಎಂಟು ಓಮಿನ ತುದಿಗೆ ಸೇರಿಸುವುದೋ ಹದಿನಾರರ ತುದಿಗೋ ಎಂದು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದ. ಪೆಟ್ಟಿಗೆಯ ಹಲಗೆ ಎಷ್ಟು ದಪ್ಪವಿರಬೇಕೆಂದು ಬಡಗಿಯ ಜೊತೆ ಜಗಳವಾಡಿದ್ದ. ಇಷ್ಟೆಲ್ಲ ಹೊಂದಿಸಿ, ಕೊನೆಗೆ ಎರಡು ತಂತಿ. ಕೇಳಿದ ಡಾಕ್ಟರು ಮನೆಗೆ ಹೋಗಿ ತಮ್ಮ ಆಳೆತ್ತರದ ಜೋಡಿಯನ್ನು ಮಾರಿಬಿಟ್ಟಿದ್ದರು. ಇದೇ ಬಡಗಿಗೆ ಇದೇ ಅಳತೆ ಕೊಟ್ಟಿದ್ದರು. ಬಡಗಿ ಎಡಗಡೆಯದನ್ನು ಕನ್ನಡಿಯ ಬಿಂಬದಂತೆಯೇ ಮಾಡಿಕೊಡುವುದರಲ್ಲಿ ಅನುಮಾನವಿರಲಿಲ್ಲ.

"ಏನು, ಬಂತಾ ಜೀವ ಅದಕ್ಕೆ?" ಎಂದು ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಅವಳ ಹೆಗಲ ಮೇಲೆ ಒರೆಸುವ ಬಟ್ಟೆ ಇತ್ತು.

"ಏನಿಲ್ಲ. ಸುಮ್ನೆ ನೋಡ್ತಿದ್ದೆ."

"ಸುಮ್ನೆ ನೋಡೋರ ಮುಖ ಹೀಗಿರಲ್ಲ ಬಿಡಿ."

ಅವಳಿಗೆ ಹೇಳಿಬಿಡಬಹುದಿತ್ತು. ಆದರೆ ಹೇಳುವುದಕ್ಕೆ ಅವಳೇ ಅಡ್ಡಿಯಾಗಿದ್ದಳು. ಆರು ವಾರದ ಹಿಂದೆ, ಮೊದಲ ಸಲ ಎರಡೂ ಪೆಟ್ಟಿಗೆ ಹಾಡಿದ ದಿನ, ಅವಳು ಕುರ್ಚಿಯಲ್ಲಿ ಎರಡು ನಿಮಿಷ ಕುಳಿತು ಅತ್ತ ಇತ್ತ ತಿರುಗಿ ನೋಡಿ, "ಹಾಡೋಳು ಎಲ್ಲಿ ನಿಂತಿದಾಳೆ ರೀ?" ಎಂದು ಕೇಳಿದ್ದಳು. ಅವನು ಅರ್ಧ ಗಂಟೆ ವಿವರಿಸಿದ್ದ. ವಿಸ್ತಾರ ಅಂದರೇನು, ಕೋಣೆಯ ಗೋಡೆಗಳೇ ಕರಗಿಹೋಗುವುದು ಅಂದರೇನು, ಒಳ್ಳೆಯ ಜೋಡಣೆಯಲ್ಲಿ ದನಿ ಪೆಟ್ಟಿಗೆಗೆ ಅಂಟಿಕೊಂಡಿರುವುದಿಲ್ಲ ಎಂದು, ಬೆರಳು ಮಡಚಿ ಮಡಚಿ. ಎಲ್ಲ ಕೇಳಿದ ಮೇಲೆ ಅವಳು ಎದ್ದು, "ಹಾಗಿದ್ರೆ ನಾನು ಅಡುಗೆಮನೆಯಲ್ಲೇ ಕೇಳ್ತೀನಿ, ಅಲ್ಲಿ ಪರವಾಗಿಲ್ಲ" ಎಂದು ಹೋಗಿದ್ದಳು. ಅವಳಿಗೆ ಕಿವಿ ಇಲ್ಲ ಎಂದು ಅವನು ಆ ದಿನ ತೀರ್ಮಾನಿಸಿದ್ದ, ಕನಿಕರದಿಂದ. ಆಮೇಲಿನ ಭಾನುವಾರ ಮೇಷ್ಟ್ರು ಬಂದು, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ರೆಕಾರ್ಡಿನ ಒಂದು ಇಡೀ ಪಕ್ಕ ಕೇಳಿ, "ಇದು ಕಣಯ್ಯಾ. ಇದನ್ನೇ ನಾನು ಜೀವಮಾನವಿಡೀ ಬೋರ್ಡಿನ ಮೇಲೆ ಬರೆದದ್ದು" ಎಂದಾಗ, ಅಡುಗೆಮನೆಯ ಕಡೆಗೆ ಒಂದು ನೋಟ ಬೀರದೆ ಇರಲು ಅವನಿಗೆ ಆಗಿರಲಿಲ್ಲ.

ಮೂರು ದಾರಿಗಳಿದ್ದವು. ಸರಿಮಾಡಿ ಹೇಳುವುದು. ಸರಿಮಾಡಿ ಹೇಳದಿರುವುದು. ಹಾಗೆಯೇ ಬಿಡುವುದು. ಮೊದಲನೆಯದರಲ್ಲಿ ಮೇಷ್ಟ್ರ ಮಾನ ಹೋಗುತ್ತದೆ, ಜೀವಮಾನವಿಡೀ ಬರೆದ ಬೋರ್ಡಿನ ಸಮೇತ. ಮೂರನೆಯದರಲ್ಲಿ ಡಾಕ್ಟರ ಮನೆಯಲ್ಲೂ ಹಾಡುಗಾರರು ಬೀಳತೊಡಗುತ್ತಾರೆ. ಎರಡನೆಯದರಲ್ಲಿ ಡಾಕ್ಟರ ಮನೆಯದನ್ನೂ ಆಮೇಲೆ ಗುಟ್ಟಾಗಿ ಸರಿಮಾಡಿಬಿಡಬಹುದು. ಅದು ಹೇಡಿತನ, ಆದ್ದರಿಂದ ಅವನಿಗೆ ಸಹಜವಾಗಿ ಒಗ್ಗಿತು. ಅವನು ಎಡಗಡೆಯ ಪೆಟ್ಟಿಗೆಯ ಬೆನ್ನಿನಿಂದ ಎರಡೂ ಪಿನ್ನುಗಳನ್ನು ಕಿತ್ತು, ಕೆಂಪನ್ನು ಕಪ್ಪಿನ ಜಾಗಕ್ಕೆ, ಕಪ್ಪನ್ನು ಕೆಂಪಿನ ಜಾಗಕ್ಕೆ ಹಾಕಿದ. ಸೆಲ್ಲು ಮುಟ್ಟಿಸಿದ. ಎರಡೂ ಕೋನುಗಳು ಒಟ್ಟಿಗೆ ಹೊರಕ್ಕೆ ಬಂದವು, ಶಾಲೆಯ ಮಕ್ಕಳು ಕವಾಯತು ಮಾಡಿದ ಹಾಗೆ. ತಂತಿಗಳನ್ನು ಮತ್ತೆ ಯಂತ್ರಕ್ಕೆ ಸೇರಿಸಿದ. ಆದರೆ ಹಾಕಿ ಕೇಳಲಿಲ್ಲ. ವಾಲ್ವುಗಳ ಆಯಸ್ಸು ಉಳಿಸಲು ದಿನಕ್ಕೆ ಒಂದೇ ಸಲ ಹಚ್ಚುವ ಕಟ್ಟಳೆ ಇತ್ತು ಎಂಬುದು ತನಗೆ ತಾನು ಕೊಟ್ಟುಕೊಂಡ ಕಾರಣ. ನಿಜವಾದ ಕಾರಣ, ಒಬ್ಬನೇ ಕುಳಿತು ಆ ವ್ಯತ್ಯಾಸವನ್ನು ಕೇಳುವುದಕ್ಕೆ ಎದೆ ಸಾಲದಿದ್ದದ್ದು. ಮೇಷ್ಟ್ರು ಗುರುತಿಸಿದರೆ ಹೇಳುತ್ತೇನೆ, ಗುರುತಿಸದಿದ್ದರೆ ಇಲ್ಲ ಎಂದು ನಿರ್ಧರಿಸಿ, ಕೆಳಮಹಡಿಯ ದರ್ಜಿಯ ಅಂಗಡಿಯಿಂದ ಎರಡು ಕುರ್ಚಿ ಎರವಲು ತರಲು ಮೆಟ್ಟಿಲಿಳಿದ. ಹಿಂದಿನಿಂದ ಹೆಂಡತಿ, "ಹೋಗಿ ಬನ್ನಿ, ಅಷ್ಟರಲ್ಲಿ ಇಲ್ಲಿ ಧೂಳು ಹೊಡೀತೀನಿ" ಎಂದದ್ದು ಕೇಳಿಸಿತು. ದರ್ಜಿ ಸೂಜಿ ಬಾಯಲ್ಲಿ ಕಚ್ಚಿಕೊಂಡು, ತನ್ನ ಮಗಳ ಓದಿನ ವಿಷಯ ಮುಕ್ಕಾಲು ಗಂಟೆ ಮಾತಾಡಿದ. ಅವನು ತಲೆಯಾಡಿಸುತ್ತ ನಿಂತಿದ್ದ. ಏನು ಕೇಳಿದನೆಂದು ಆಮೇಲೆ ಯಾರಾದರೂ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮೇಷ್ಟ್ರ ಊರುಗೋಲು ಮೆಟ್ಟಿಲ ಮೇಲೆ ಕೇಳಿಸಿತು. ವಾಲ್ವುಗಳು ಆಗಲೇ ಕೆಂಪಗೆ ಕಾದಿದ್ದವು. ಮೇಷ್ಟ್ರು ನಡುವಿನ ಕುರ್ಚಿಯಲ್ಲಿ ಕೂರುವಾಗ ಮಂಡಿ ಹಿಡಿದುಕೊಂಡರು. ಅವರ ಅಂಗಿಯ ಜೇಬಿನಲ್ಲಿ ಈಗಲೂ ಒಂದು ಸಣ್ಣ ಸ್ಕ್ರೂಡ್ರೈವರ್ ಇತ್ತು, ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಹಾಗೆ. ಡಾಕ್ಟರು ಪಕ್ಕದಲ್ಲಿ ಕುಳಿತು, ಎಲ್ಲರ ಹಲ್ಲುಗಳನ್ನೂ ಒಮ್ಮೆ ನೋಡುವ ತಮ್ಮ ನಗು ನಕ್ಕರು. "ನಮ್ಮ ಪೆಟ್ಟಿಗೆ ಮುಂದಿನ ವಾರ ಬರ್ತವೆ ಮೇಷ್ಟ್ರೇ. ಕೂದಲಷ್ಟೂ ಆಚೀಚೆ ಆಗಬಾರದು ಅಂತ ಬಡಗಿಗೆ ಹೇಳಿದೀನಿ. ಇಲ್ಲಿ ಏನಿದೆಯೋ ಅದೇ ಅಲ್ಲಿಗೂ ಬರಬೇಕು."

"ಅದೇ ಬರುತ್ತೆ ಬಿಡಿ" ಎಂದ ಅವನು.

ಅವನು ಹೋದ ಸಲದ್ದೇ ರೆಕಾರ್ಡ್ ಹಾಕಿದ. ಒಂದು ಹೆಣ್ಣುದನಿ, ಜೊತೆಗೊಂದು ತಂತಿವಾದ್ಯ, ಅಷ್ಟೇ. ಮುಳ್ಳು ಇಳಿಯಿತು, ಚರಚರ ಎಂದಿತು, ಆಮೇಲೆ ಅವಳು ಹಾಡತೊಡಗಿದಳು. ಅವನಿಗೆ ರೋಮಾಂಚನವಾಯಿತು. ಅವಳು ಅಲ್ಲಿದ್ದಳು. ಎರಡೂ ಪೆಟ್ಟಿಗೆಗಳ ನಟ್ಟನಡುವೆ, ಗೋಡೆಗೆ ಎರಡು ಅಡಿ ಮುಂದೆ, ನೆಲದಿಂದ ಐದು ಅಡಿ ಎತ್ತರದಲ್ಲಿ ಅವಳ ಬಾಯಿ. ಸ್ವಲ್ಪ ಬಲಕ್ಕೆ, ಅವಳ ಸೊಂಟದ ಮಟ್ಟದಲ್ಲಿ, ವಾದ್ಯ. ಉಸಿರು ಎಳೆದುಕೊಳ್ಳುವಾಗ ಅವಳು ಮುಖವನ್ನು ಕೊಂಚ ಪಕ್ಕಕ್ಕೆ ತಿರುಗಿಸುವುದು ಕೂಡ ತಿಳಿಯುತ್ತಿತ್ತು. ಇಷ್ಟು ದಿನ ಹೊಗೆಯನ್ನು ತಬ್ಬಿಕೊಂಡು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು, ಆ ನಾಚಿಕೆಯ ಹಿಂದೆಯೇ ಒಂದು ತುಂಬಿದ ಸಂತೋಷವೂ ಬಂತು. ಕೊನೆಗೂ ಕೇಳಿಸಿತಲ್ಲ, ತನಗೂ ಕಿವಿ ಇದೆಯಲ್ಲ. ಅವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕಣ್ಣು ಮುಚ್ಚಿದ್ದರು. ಹುಬ್ಬು ಅಲುಗಲಿಲ್ಲ. ಈಗ ತೆರೆಯುತ್ತಾರೆ, ಈಗ ತನ್ನ ಕಡೆ ತಿರುಗುತ್ತಾರೆ ಎಂದು ಅವನು ಕಾದ. ಗಾಜಿನ ಈಚೆ ಕುಳಿತು ದೀಪಕ್ಕೆ ಕಾಯುವ ಹಾಗೆ.

ಪಕ್ಕ ಮುಗಿಯಿತು. ಮೇಷ್ಟ್ರು ಕಣ್ಣು ತೆರೆದು, "ಅದೇ" ಎಂದರು. "ಹೋದ ಸಲ ಹೇಗಿತ್ತೋ ಹಾಗೇ ಇದೆ. ಒಂದಿಷ್ಟೂ ಬದಲಾಗಿಲ್ಲ. ಚೆನ್ನಾಗಿದೆ."

"ಒಂದಿಷ್ಟೂ ಬದಲಾಗಿಲ್ಲವಾ ಸಾರ್?"

"ಇಲ್ವಲ್ಲ. ಯಾಕೆ?"

ಇಲ್ಲಿ ಅವನು ಸುಮ್ಮನಾಗಬೇಕಿತ್ತು. ಬೆಳಿಗ್ಗೆ ಮಾಡಿಕೊಂಡ ನಿರ್ಧಾರ ಅದೇ ಆಗಿತ್ತು. ಆದರೆ ಈಗ ತಾನೇ ಆ ಹೆಂಗಸನ್ನು ಕಣ್ಣಾರೆ ಕಂಡಷ್ಟು ಸ್ಪಷ್ಟವಾಗಿ ಕೇಳಿದ್ದವನಿಗೆ ಸುಮ್ಮನಿರಲು ಆಗಲಿಲ್ಲ. ಮೂವತ್ತು ವರ್ಷ ಬೆಂಚಿನ ಮೇಲೆ ಕುಳಿತವನೊಬ್ಬ ಮೊದಲ ಸಲ ಬೋರ್ಡಿನ ಹತ್ತಿರ ನಡೆದು ಹೋಗುತ್ತಿದ್ದ. "ಒಂದು ವಿಷಯ ಹೇಳಬೇಕು ಸಾರ್" ಎಂದು ಶುರುಮಾಡಿ, ಎಡಗಡೆಯ ತಂತಿ, ಕನ್ನಡಿಯ ಬಿಂಬ, ಚೀಟಿ, ಸೆಲ್ಲು, ಎಲ್ಲವನ್ನೂ ಹೇಳಿದ. ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವುದರಲ್ಲಿ ಇಷ್ಟು ಸುಖವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. "ಹೋದ ಸಲ ನೀವು ಕೇಳಿದ್ದು ತಪ್ಪಾದ್ದು ಸಾರ್. ಇವತ್ತು ಕೇಳಿದ್ದು ಸರಿಯಾದ್ದು. ಬೆಳಿಗ್ಗೆ ತಾನೇ ಸರಿಮಾಡಿದೆ. ಈಗ ನೋಡಿ, ಹಾಡೋಳು ನಡುವೆ ನಿಂತಿದಾಳೆ."

ಮೊದಲು ಮಾತಾಡಿದವರು ಡಾಕ್ಟರು. "ನನಗೆ ಆಗಲೇ ಅನ್ನಿಸ್ತು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಈಗ ನಡುಭಾಗ ಗಟ್ಟಿಯಾಗಿದೆ. ತಗ್ಗಿನ ಸ್ವರಾನೂ ತುಂಬಿಕೊಂಡಿದೆ, ಅಲ್ವಾ?"

"ಹೌದು, ತುಂಬಿಕೊಂಡಿದೆ" ಎಂದ ಅವನು, ಕೃತಜ್ಞತೆಯಿಂದ.

ಮೇಷ್ಟ್ರು ಇಬ್ಬರನ್ನೂ ಒಂದೊಂದು ಸಲ ನೋಡಿದರು. "ಮತ್ತೆ ಹಾಕು" ಎಂದರು. ಅವನು ಹಾಕಿದ. ಈ ಸಲ ಮೇಷ್ಟ್ರು ಕಣ್ಣು ಮುಚ್ಚಲಿಲ್ಲ. ಕುರ್ಚಿಯ ತುದಿಗೆ ಸರಿದು, ಊರುಗೋಲಿನ ಮೇಲೆ ಎರಡೂ ಕೈ ಊರಿ, ಕುತ್ತಿಗೆ ಚಾಚಿ, ಕಳೆದುಹೋದ ಏನನ್ನೋ ಮಬ್ಬು ಬೆಳಕಿನಲ್ಲಿ ಹುಡುಕುವವರ ಹಾಗೆ ಎರಡು ಪೆಟ್ಟಿಗೆಗಳ ನಡುವಿನ ಬರಿಯ ಗೋಡೆಯನ್ನು ನೋಡಿದರು. ತಲೆಯನ್ನು ಒಮ್ಮೆ ಎಡಕ್ಕೆ ವಾಲಿಸಿದರು, ಒಮ್ಮೆ ಬಲಕ್ಕೆ. ಅವನಿಗೆ ನೋಡಲಾಗಲಿಲ್ಲ, ಆದರೂ ನೋಡಿದ. ಬಾಗಿಲ ಬಳಿ ಹೆಂಡತಿ ಟೀ ತಟ್ಟೆ ಹಿಡಿದು ಹಾಡು ಮುಗಿಯಲೆಂದು ನಿಂತಿದ್ದಳು. ಮುಗಿಯಿತು.

"ನನಗೆ ಕೇಳಿಸ್ತಿಲ್ಲಯ್ಯ" ಎಂದರು ಮೇಷ್ಟ್ರು. "ನನಗೆ ಹೋದ ಸಲದ ಹಾಗೇ ಇದೆ. ನೀವಿಬ್ರೂ ಇದೆ ಅಂತೀರಿ. ನನಗೆ ಕೇಳಿಸ್ತಿಲ್ಲ."

ಕೇಳಿಸಿತು ಎಂದುಬಿಡಬಹುದಿತ್ತಲ್ಲ ಎಂದು ಅವನಿಗೆ ಅನ್ನಿಸಿತು. ಯಾರು ತಾನೇ ಪರೀಕ್ಷೆ ಮಾಡುತ್ತಿದ್ದರು? ಪಾಪ ಎನ್ನಿಸಿ ಮನಸ್ಸು ಮೆತ್ತಗಾಯಿತು, ಆ ಮೆತ್ತನೆಯ ಮನಸ್ಸಿನಿಂದ ಅವನು ಆ ದಿನದ ಅತ್ಯಂತ ಕೆಟ್ಟ ಮಾತನ್ನಾಡಿದ. "ವಯಸ್ಸಾದ ಮೇಲೆ ಎಲ್ಲರಿಗೂ ಆಗೋದೇ ಸಾರ್. ಇದರಲ್ಲಿ ಸಂಕೋಚ ಪಡೋದೇನಿಲ್ಲ. ನಾಳೆ ನಮ್ಮ ಕೇಂದ್ರಕ್ಕೆ ಬನ್ನಿ, ನಾನೇ ನೋಡ್ತೀನಿ. ಈಗ ಸಣ್ಣ ಸಣ್ಣ ಯಂತ್ರ ಬಂದಿವೆ, ಹಾಕ್ಕೊಂಡ್ರೆ ಯಾರಿಗೂ ಕಾಣೋದೂ ಇಲ್ಲ." ರೋಗಿಗಳೊಂದಿಗೆ ಮಾತಾಡುವ ದನಿ ಅದು, ಕೊಂಚ ಎತ್ತರಿಸಿ, ಒಂದೊಂದು ಪದ ಬಿಡಿಸಿ ಹೇಳುವ ದನಿ. ಅದು ತನ್ನ ಬಾಯಿಂದ ಬರುತ್ತಿರುವುದು ಅವನಿಗೇ ಗೊತ್ತಾದದ್ದು ಮಾತು ಮುಗಿದ ಮೇಲೆ. ಡಾಕ್ಟರು ಬಿಸ್ಕತ್ತಿನ ತಟ್ಟೆಯನ್ನು ನೋಡಿದರು.

ಮೇಷ್ಟ್ರು ಜೇಬಿನಲ್ಲಿದ್ದ ಸ್ಕ್ರೂಡ್ರೈವರನ್ನು ಮುಟ್ಟಿ ನೋಡಿಕೊಂಡರು. "ಎಷ್ಟು ಗಂಟೆಗೆ ಬರಲಿ?" ಎಂದರು.

ಅವರು ಹೋದ ಮೇಲೆ ಅವನು ದರ್ಜಿಯ ಕುರ್ಚಿಗಳನ್ನು ಮಡಚಿದ. ಹೆಂಡತಿ ಲೋಟಗಳನ್ನು ಎತ್ತುತ್ತಿದ್ದಳು. "ಮೇಷ್ಟ್ರು ಟೀ ಕುಡಿಯಲೇ ಇಲ್ಲ" ಎಂದಳು. ಆಮೇಲೆ, "ನೀವು ಹೇಳಿದ ಮೇಲೆ ನಾನೂ ಕಿವಿಗೊಟ್ಟು ನಿಂತಿದ್ದೆ. ಇವತ್ತೂ ಅವಳು ಎಲ್ಲೂ ನಿಂತಿರಲಿಲ್ಲ ರೀ."

"ಬಾಗಿಲಲ್ಲಿ ನಿಂತ್ರೆ ಹೇಗೆ ಗೊತ್ತಾಗುತ್ತೆ? ನಡುವೆ ಕೂರಬೇಕು."

"ಅದೂ ಸರಿಯೇ" ಎಂದವಳು, ಅಡುಗೆಮನೆಯ ತನಕ ಹೋಗಿ, ಏನೋ ನೆನಪಾದಂತೆ ತಿರುಗಿ ಬಂದಳು. "ತಂತಿ ಅಂದ ಮೇಲೆ ನೆನಪಾಯ್ತು. ಬೆಳಿಗ್ಗೆ ಧೂಳು ಹೊಡೆಯುವಾಗ ಈ ಎಡಗಡೆ ಡಬ್ಬದ ತಂತಿ ಬಟ್ಟೆಗೆ ಸಿಕ್ಕಿ ಎರಡೂ ಕಿತ್ತು ಬಂತು. ಬೈತೀರಿ ಅಂತ ಹೇಳಲಿಲ್ಲ. ಚೀಟಿ ನೋಡಿ ಸರಿಯಾಗಿ ಹಾಕಿದೀನಿ. ಕೆಂಪು ಎಡಕ್ಕೆ, ಕಪ್ಪು ಬಲಕ್ಕೆ. ನೀವೇ ಬರೆದಿದೀರಲ್ಲ, ಹೀಗೆಯೇ ಜೋಡಿಸತಕ್ಕದ್ದು ಅಂತ."

ಅವನು ಕುರ್ಚಿಯನ್ನು ಕೆಳಗಿಟ್ಟ. ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದ. ಕೆಂಪು ಎಡಕ್ಕಿತ್ತು, ಕಪ್ಪು ಬಲಕ್ಕಿತ್ತು. ಹಿತ್ತಾಳೆಯ ಮೂತಿಗಳು ಧೂಳಿಲ್ಲದೆ ಥಳಥಳಿಸುತ್ತಿದ್ದವು. ಕೆಳಗೆ ಅವನ ಸಹಿ. ಅವನು ಹಾಗೆಯೇ ಬಗ್ಗಿ ಬಹಳ ಹೊತ್ತು ನಿಂತ, ಸೊಂಟ ನೋಯುವ ತನಕ. ಎದ್ದರೆ ಮುಖ ತೋರಿಸಬೇಕಾಗುತ್ತಿತ್ತು.

"ತಪ್ಪು ಹಾಕಿದ್ನಾ?" ಎಂದಳು ಹೆಂಡತಿ.

"ಇಲ್ಲ. ಚೀಟಿ ಪ್ರಕಾರ ಸರಿಯಾಗೇ ಹಾಕಿದೀಯ."

ಹಾಗಾದರೆ ಏನೂ ಬದಲಾಗಿರಲಿಲ್ಲ. ಐದು ಅಡಿ ಎತ್ತರದ ಆ ಬಾಯಿ, ಪಕ್ಕಕ್ಕೆ ತಿರುಗುವ ಆ ಮುಖ, ಗೋಡೆಗೆ ಎರಡು ಅಡಿ ಮುಂದೆ ನಿಂತವಳು ಎಲ್ಲಿಂದ ಬಂದಳು? ಅವನಿಗೆ ಈಗಲೂ ಅವಳು ನೆನಪಿದ್ದಳು, ಕಂಡವರನ್ನು ನೆನಪಿಟ್ಟುಕೊಳ್ಳುವ ಹಾಗೆ. ಡಾಕ್ಟರಿಗೆ ತಗ್ಗಿನ ಸ್ವರ ತುಂಬಿಕೊಂಡಿತ್ತು. ಇಡೀ ಕೋಣೆಯಲ್ಲಿ ಕೇಳಿಸಿದ್ದನ್ನು ಮಾತ್ರ ಕೇಳಿಸಿತೆಂದವರು ಇಬ್ಬರೇ. ಒಬ್ಬರಿಗೆ ಅವನು ಕಿವಿಯ ಯಂತ್ರ ಹಾಕಿಸಿಕೊಳ್ಳಿ ಎಂದಿದ್ದ, ಇನ್ನೊಬ್ಬಳಿಗೆ ನಡುವೆ ಕೂರಬೇಕು ಎಂದಿದ್ದ. ಮೇಷ್ಟ್ರು ತಪ್ಪಾದದ್ದನ್ನು ಮೆಚ್ಚಿಕೊಂಡಿದ್ದರು, ಅದೇನೋ ನಿಜ. ಆದರೆ ಮೆಚ್ಚಿದ್ದು ಅದನ್ನೇ, ಎರಡು ಸಲವೂ ಅದನ್ನೇ, ಬದಲಾಗಿಲ್ಲವೆಂದದ್ದೂ ಅದನ್ನೇ. ಅವನು ಟೆಲಿಫೋನಿನ ಹತ್ತಿರ ಮೂರು ಸಲ ಹೋದ. ಇಂಥ ಮಾತನ್ನು ಎದುರಿಗೆ ಕುಳಿತೇ ಹೇಳಬೇಕು, ಫೋನಿನಲ್ಲಿ ಹೇಳುವುದು ಅಗೌರವ ಎಂದು ಮೂರು ಸಲವೂ ಅನ್ನಿಸಿತು. ತನ್ನ ಹೇಡಿತನ ಇಷ್ಟು ಮರ್ಯಾದಸ್ಥವಾಗಿರುವುದನ್ನು ಕಂಡು ಅವನಿಗೆ ನಗು ಬರಬೇಕಿತ್ತು.

ಸೋಮವಾರ ಹತ್ತೂವರೆಗೆ ಬರಹೇಳಿದ್ದ ಮೇಷ್ಟ್ರು ಹತ್ತೂಕಾಲಿಗೇ ಬಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲರ ಹಾಗೆ ಚೀಟಿ ತೆಗೆದುಕೊಂಡು ಬೆಂಚಿನ ಮೇಲೆ ಕುಳಿತಿದ್ದರು. ಅವನು ಬಾಗಿಲಿನಿಂದ ಇಣುಕಿ, "ಒಳಗೆ ಬನ್ನಿ ಸಾರ್" ಎಂದಾಗ, "ನನಗಿಂತ ಮುಂಚೆ ಇಬ್ರು ಇದಾರೆ" ಎಂದರು. ಅವರಿಬ್ಬರದೂ ಆದ ಮೇಲೆ ಬಂದರು. ಮೆತ್ತೆಯ ಕೋಣೆಯೊಳಗೆ ಕುಳಿತು, ಗೋಡೆಯನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಿದರು, ದಪ್ಪ ಎಷ್ಟಿದೆಯೆಂದು. ಅವನು ಅವರ ಕಿವಿಗೆ ಹೆಡ್‌ಫೋನ್ ಇಟ್ಟ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಬಾಯಿಂದ ಬಂದದ್ದು ಹತ್ತೊಂಬತ್ತು ವರ್ಷದ ಪಾಠ: "ಸದ್ದು ಕೇಳಿಸಿದ ತಕ್ಷಣ ಈ ಗುಂಡಿ ಒತ್ತಿ ಸಾರ್. ಎಷ್ಟು ಸಣ್ಣದಾಗಿದ್ರೂ ಸರಿ."

"ಕೇಳಿಸದಿದ್ರೆ?"

"ಒತ್ತಬೇಡಿ."

"ಹಾಗಾದ್ರೆ ಸುಲಭ" ಎಂದರು ಮೇಷ್ಟ್ರು.

ಅವನು ಬಾಗಿಲು ಮುಚ್ಚಿ ಗಾಜಿನ ಈಚೆ ಬಂದು ಕುಳಿತ. ಮುಂದೆ ಯಂತ್ರ, ಹಾಳೆ, ಪೆನ್ನು, ಹಸಿರು ದೀಪ. ಬಲಗಿವಿಯಿಂದ ಶುರುಮಾಡಬೇಕು. ಅವನ ಬೆರಳು ಏಳಲಿಲ್ಲ. ಗಾಜಿನ ಆಚೆ ಮೇಷ್ಟ್ರು ಸಂಜೆ ತರಗತಿಯ ಮುಂದಿನ ಬೆಂಚಿನವನ ಹಾಗೆ ನೆಟ್ಟಗೆ ಕುಳಿತು, ಹೆಬ್ಬೆರಳನ್ನು ಗುಂಡಿಯ ಮೇಲೆ ಇಟ್ಟು, ಕಾಯುತ್ತಿದ್ದರು. ಒಂದು ನಿಮಿಷವಾಯಿತು. ಗೋಡೆಯ ಗಡಿಯಾರದಲ್ಲಿ ಎರಡನೆಯದೂ ಆಯಿತು. ಇಷ್ಟು ದೀರ್ಘ ಮೌನವನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ. ಅರ್ಧ ನಿಮಿಷಕ್ಕೇ ಎಂಥವರ ಬೆರಳೂ ಅದುರುತ್ತದೆ. ಮೇಷ್ಟ್ರ ಹೆಬ್ಬೆರಳು ಅದುರಲಿಲ್ಲ. ಕೊನೆಗೆ ಅವರೇ ಗಾಜಿನ ಕಡೆ ತಿರುಗಿ, ಒಳಗಿನ ಮೈಕಿನಲ್ಲಿ, "ಇನ್ನೂ ಶುರು ಮಾಡಿಲ್ಲ ಅಲ್ವೇನಯ್ಯಾ?" ಎಂದು ಕೇಳಿದರು.

ಒಳಗಿನವರಿಗೆ ಕೇಳಿಸುವಂತೆ ಮಾತಾಡಬೇಕಾದರೆ ಈಚೆಯ ಸ್ವಿಚ್ಚನ್ನು ಒತ್ತಿ ಹಿಡಿದಿರಬೇಕು. ಅವನು ಒತ್ತಿ ಹಿಡಿದ. "ಇಲ್ಲ ಸಾರ್" ಎಂದ. "ನಿನ್ನೆ ಏನೂ ಬದಲಾಗಿರಲಿಲ್ಲ. ತಂತಿ ಮತ್ತೆ ಮೊದಲಿನ ಹಾಗೇ ಆಗಿತ್ತು, ನನಗೆ ಗೊತ್ತಿರಲಿಲ್ಲ. ನೀವು ಹೇಳಿದ್ದೇ ಸರಿ."

ಮೇಷ್ಟ್ರು ಮುಖ ಎತ್ತಲಿಲ್ಲ. ಹೇಳಿಕೊಟ್ಟ ಪಾಠವನ್ನು ತಪ್ಪದೆ ಪಾಲಿಸುವವರಂತೆ ಹೆಬ್ಬೆರಳು ಒತ್ತಿದರು. ಹಸಿರು ದೀಪ ಹತ್ತಿ ಆರಿತು.

"ಡಾಕ್ಟರಿಗೂ ಇವತ್ತೇ ಹೇಳ್ತೀನಿ ಸಾರ್."

ದೀಪ ಹತ್ತಿತು.

"ನಿಮಗೆ ನಾನು ಹಾಗನ್ನಬಾರದಿತ್ತು."

ದೀಪ ಸ್ವಲ್ಪ ತಡೆದು ಹತ್ತಿತು. ಅವನಿಗೆ ಎದೆ ಹಗುರಾಯಿತು. ಇಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಿದ್ದರೆ ಎಲ್ಲ ಚೆನ್ನಾಗಿಯೇ ಮುಗಿಯುತ್ತಿತ್ತು. ಆದರೆ ಸ್ವಿಚ್ಚಿನ ಮೇಲಿನ ಬೆರಳನ್ನು ಅವನು ತೆಗೆಯಲಿಲ್ಲ. "ಆದ್ರೆ ಸಾರ್, ನಾನು ಸುಳ್ಳು ಹೇಳಲಿಲ್ಲ. ಅವಳು ನಡುವೆ ನಿಂತದ್ದು ನನಗೆ ನಿಜವಾಗ್ಲೂ ಕೇಳಿಸ್ತು."

ಗಾಜಿನ ಆಚೆ ಮೇಷ್ಟ್ರು ತಲೆಯನ್ನು ಕೊಂಚ ವಾಲಿಸಿ, ಬಹಳ ಸಣ್ಣ ಸದ್ದೊಂದಕ್ಕೆ ಕಿವಿಗೊಡುವವರ ಹಾಗೆ ಕುಳಿತಿದ್ದರು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಅವನು ದೀಪವನ್ನು ನೋಡುತ್ತ ಕಾದ.